ರಾತ್ರಿ ರೈಲು, ಕಣ್ಣಲ್ಲೇ ಉಳಿದ ಲೆನ್ಸ್

ಬೆಂಗಳೂರಿನಲ್ಲಿ ಓದುತ್ತಿರುವ ಅಣ್ಣನ ಮಗಳು ಮೊನ್ನೆ ರಾತ್ರಿ ರೈಲಿಗೆ ವಿಜಯಪುರಕ್ಕೆ ಬಂದಳು. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಇಳಿದಾಗ ಬಲಗಣ್ಣು ಕೆಂಡದ ಹಾಗಿತ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗಿಬಿಟ್ಟಿದ್ದಳು. "ಒಂದ ರಾತ್ರಿ ಅಲ್ಲೇನ್ ಕಾಕಾ? ಮಲಗಿದಾಗ ಏನೂ ಅನಸಲೇ ಇಲ್ಲ" ಎಂದಳು. ರೈಲಿನ ಬೇಸಿನ್ನಿನ ನೀರಿನಲ್ಲಿ ಕೈ ತೊಳೆದು ಲೆನ್ಸ್ ಮುಟ್ಟಲು ಮನಸ್ಸು ಬರಲಿಲ್ಲವಂತೆ. ಆ ಅಂಜಿಕೆ ಸರಿಯಾದದ್ದೇ. ಆದರೆ ಮನೆಯಲ್ಲೇ ಲೆನ್ಸ್ ತೆಗೆದಿಟ್ಟು, ಚಾಳೀಸು ಹಾಕಿಕೊಂಡು ರೈಲು ಹತ್ತಬಹುದಿತ್ತು.

ನನಗೆ ಹೆದರಿಕೆ ಹುಟ್ಟಿಸಿದ್ದು "ಏನೂ ಅನಸಲಿಲ್ಲ" ಎನ್ನುವ ಮಾತು. ಕಣ್ಣಿನ ಎದುರಿಗೆ ಗಾಜಿನಂಥ ಪದರವಿದೆಯಲ್ಲ, ಕಾರ್ನಿಯಾ, ಅದರಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ನಮಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಅದು ತನಗೆ ಬೇಕಾದ ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದಲೇ, ಕಣ್ಣೀರಿನ ಮೂಲಕ ಪಡೆಯುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು. ಕಣ್ಣು ಮುಚ್ಚಿದಾಗ ರೆಪ್ಪೆಯ ಒಳಬದಿಯ ರಕ್ತನಾಳಗಳಿಂದ ಸಿಗುವುದು ಅದರ ಮೂರರಲ್ಲಿ ಒಂದು ಪಾಲು ಮಾತ್ರ. ಲೆನ್ಸ್ ಇಲ್ಲದ ಆರೋಗ್ಯವಂತ ಕಣ್ಣಿನಲ್ಲೂ ನಿದ್ದೆಯ ಹೊತ್ತಿಗೆ ಕಾರ್ನಿಯಾ ಶೇ. 3-4ರಷ್ಟು ಊದಿಕೊಳ್ಳುತ್ತದೆ, ಎದ್ದ ಮೇಲೆ ಇಳಿಯುತ್ತದೆ. ಅದರ ಮೇಲೆ ಲೆನ್ಸ್ ಕೂತರೆ ಉಸಿರಾಟ ಇನ್ನೂ ಕಷ್ಟ. ಹೀಗೆ ಬಹಳ ದಿನ ಕಳೆದರೆ ಕಾರ್ನಿಯಾದ ಸ್ಪರ್ಶಜ್ಞಾನವೇ ಮಂದವಾಗುತ್ತದೆ. ಚುಚ್ಚಬೇಕಾದದ್ದು ಚುಚ್ಚುವುದಿಲ್ಲ. ಹಿತವಾಗಿದೆ ಅನ್ನಿಸುವ ಕಣ್ಣು ಚೆನ್ನಾಗಿಯೇ ಇದೆ ಎಂದು ಹೇಳಲಾಗದು.

1999ರ ಸುಮಾರಿಗೆ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳು ಬಂದವು. ಆಮ್ಲಜನಕವನ್ನು ಹಳೆಯ ಲೆನ್ಸ್‌ಗಳಿಗಿಂತ ಎಷ್ಟೋ ಜಾಸ್ತಿ ಒಳಕ್ಕೆ ಬಿಡುತ್ತವೆ. ಇನ್ನು ಹಾಕಿಕೊಂಡೇ ಮಲಗಬಹುದು ಎಂದು ಬಹಳ ಜನ ನಂಬಿದರು. ಊತವೇನೋ ಕಡಿಮೆಯಾಯಿತು, ಸೋಂಕು ಕಡಿಮೆಯಾಗಲಿಲ್ಲ. 1989ರಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಿದಾಗ, ಹಗಲು ಮಾತ್ರ ಮೃದು ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಮಂದಿಗೆ ಸೋಂಕಿನಿಂದ ಕಾರ್ನಿಯಾದ ಹುಣ್ಣಾಗುತ್ತಿತ್ತು. ರಾತ್ರಿಯೂ ಹಾಕುವವರಲ್ಲಿ ಸುಮಾರು 21 ಮಂದಿಗೆ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹೊಸ ಲೆನ್ಸ್ ಹಾಕಿ ಮಲಗುವವರ ಲೆಕ್ಕ 25ರ ಆಸುಪಾಸಿನಲ್ಲೇ ಇತ್ತು.

ಯಾಕೆ ಹೀಗೆ? ಎಚ್ಚರವಿದ್ದಾಗ ನಾವು ಕಣ್ಣು ಮಿಟುಕಿಸುತ್ತಲೇ ಇರುತ್ತೇವೆ. ಪ್ರತಿ ಸಲವೂ ಕಣ್ಣೀರು ಕಣ್ಣನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಅದು ನಿಂತುಹೋಗುತ್ತದೆ. ಲೆನ್ಸಿನ ಹಿಂದೆ ಸಿಕ್ಕಿಕೊಂಡ ಕಣ್ಣೀರು ನಿಂತ ನೀರಾಗುತ್ತದೆ. ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅದೇ. ಬೆಚ್ಚಗಿನ ಜಾಗ, ಕೈಗೆ ಸಿಕ್ಕುವ ಕಾರ್ನಿಯಾ, ಬೆಳಗಿನವರೆಗೆ ಸಮಯ.

ಲೆನ್ಸ್ ಶುದ್ಧವಾಗುವುದಕ್ಕೂ ಇದೇ ರಾತ್ರಿಯ ಸಮಯ ಬೇಕು. ಲೆನ್ಸ್ ನೆನೆಸಿಡುವ ದ್ರವ, ಅಂದರೆ ಸಾಮಾನ್ಯ ಸಲ್ಯೂಷನ್ನಿನಲ್ಲಿ ಧನ ವಿದ್ಯುದಾವೇಶದ ಅಣುಗಳಿರುತ್ತವೆ. ಬ್ಯಾಕ್ಟೀರಿಯಾದ ಹೊರಪೊರೆ ಋಣ ಆವೇಶದ್ದು. ಆ ಅಣುಗಳು ಹೋಗಿ ಅಂಟಿಕೊಂಡು ಪೊರೆಯನ್ನು ಒಡೆಯುತ್ತವೆ. ಇದಕ್ಕೆ ಕೆಲವು ಗಂಟೆಗಳು ಹಿಡಿಯುತ್ತವೆ. ಎಷ್ಟು ಎನ್ನುವುದು ಬಾಟಲಿಯ ಮೇಲೆ ಬರೆದಿರುತ್ತದೆ. ಡಬ್ಬಿಗೆ ಹಾಕುವ ಮೊದಲು ಅಂಗೈಯಲ್ಲಿ ಲೆನ್ಸ್ ಇಟ್ಟು, ಸಲ್ಯೂಷನ್ ಬಿಟ್ಟು, ಬೆರಳಿನಿಂದ ಮೆಲ್ಲಗೆ ಉಜ್ಜಲೇಬೇಕು. ಸುಮ್ನೆ ನೆನೆಸಿಟ್ಟರೆ ಅಂಟಿಕೊಂಡ ಜಿಡ್ಡು ಹೋಗುವುದಿಲ್ಲ. ನಿನ್ನೆಯ ಸಲ್ಯೂಷನ್ನಿಗೆ ಇವತ್ತು ಒಂದಿಷ್ಟು ಸೇರಿಸುವುದೂ ಬೇಡ. ನಿನ್ನೆಯದರ ಕಸುವು ಆಗಲೇ ಮುಗಿದಿರುತ್ತದೆ.

ಕೆಲವರಿಗೆ ಈ ಸಲ್ಯೂಷನ್ನಿನಿಂದಲೇ ಕಣ್ಣು ಉರಿಯುತ್ತದೆ. ಲೆನ್ಸ್ ಹೀರಿಕೊಂಡ ರಾಸಾಯನಿಕ ಹಗಲೆಲ್ಲ ಕಣ್ಣಿಗೆ ಇಳಿಯುತ್ತಿರುತ್ತದೆ. ಅಂಥವರಿಗೆ ಹೈಡ್ರೋಜನ್ ಪೆರಾಕ್ಸೈಡ್ ವಿಧಾನ ಒಳ್ಳೆಯದು. ಇದರಲ್ಲಿ ಶೇ. 3ರ ಪೆರಾಕ್ಸೈಡ್ ಇರುತ್ತದೆ. ಅದರ ಡಬ್ಬಿಯೇ ಬೇರೆ, ಒಳಗೆ ಪ್ಲಾಟಿನಂ ಲೇಪದ ಬಿಲ್ಲೆ ಇರುತ್ತದೆ. ಅದು ತಾಗಿದೊಡನೆ ಗುಳ್ಳೆಗಳೇಳುತ್ತವೆ. ಸಾಮಾನ್ಯವಾಗಿ ಆರು ಗಂಟೆಗಳಲ್ಲಿ ಪೆರಾಕ್ಸೈಡ್ ನೀರೂ ಆಮ್ಲಜನಕವೂ ಆಗಿ ಒಡೆದುಹೋಗುತ್ತದೆ. ಕಣ್ಣಿಗೆ ಇಳಿಯಲು ಏನೂ ಉಳಿಯುವುದಿಲ್ಲ. ಆದರೆ ಅವಸರ ಮಾಡಿ ಅರ್ಧದಲ್ಲೇ ತೆಗೆದು ಹಾಕಿಕೊಂಡರೆ ಕಣ್ಣು ಸುಟ್ಟಂತಾಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಬೋರ್‌ವೆಲ್ ನೀರು, ಮಾಳಿಗೆಯ ಮೇಲೊಂದು ಟಾಕಿ. ಇಂಥ ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಕಷ್ಟ ಬಂದಾಗ ಅದು ಎರಡು ಪದರದ ಕವಚದೊಳಗೆ ಸೇರಿಕೊಳ್ಳುತ್ತದೆ. ಆಗ ಅನೇಕ ಸಲ್ಯೂಷನ್‌ಗಳಿಗೂ ಬಗ್ಗುವುದಿಲ್ಲ. ಕಣ್ಣಿಗೆ ಹೊಕ್ಕರೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಗುತ್ತದೆ. ಹಾಗಾಗಿ ಲೆನ್ಸಿಗೂ ಡಬ್ಬಿಗೂ ನಲ್ಲಿಯ ನೀರು ತಾಗಬಾರದು. ಫಿಲ್ಟರ್ ನೀರೂ ಬೇಡ. ಕೈಯನ್ನು ಸೋಪು ಹಚ್ಚಿ ತೊಳೆದು, ಪೂರ್ತಿ ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ಡಬ್ಬಿಯನ್ನು ಸಲ್ಯೂಷನ್ನಿನಲ್ಲೇ ತೊಳೆದು, ಒರೆಸಿ, ಬೋರಲು ಹಾಕಿ ಒಣಗಿಸಬೇಕು. ಮೂರು ತಿಂಗಳಿಗೊಮ್ಮೆ ಹೊಸ ಡಬ್ಬಿ.

ಅಕಸ್ಮಾತ್ ಮಲಗಿಬಿಟ್ಟರೆ? ಎದ್ದಕೂಡಲೇ ಕೀಳಬೇಡಿ. ಒಣಗಿದ ಲೆನ್ಸ್ ಕಾರ್ನಿಯಾಕ್ಕೆ ಅಂಟಿರುತ್ತದೆ. ಲೆನ್ಸಿಗೆ ಹೊಂದುವ, ತೇವ ಕೊಡುವ ಹನಿ ಬಿಟ್ಟು, ಕೆಲವು ನಿಮಿಷ ಕಣ್ಣು ಮಿಟುಕಿಸಿ. ಅದು ಸರಿದಾಡಲು ಶುರುವಾದ ಮೇಲೆ ತೆಗೆಯಿರಿ. ಆ ದಿನ ಚಾಳೀಸೇ ಇರಲಿ.

ನಮ್ಮ ಹುಡುಗಿಯನ್ನು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟು ನೋಡಿದರು. ಕಾರ್ನಿಯಾದ ಮೇಲ್ಪದರ ಕೆರೆದುಹೋದ ಕಡೆ ಹಸಿರು ಚುಕ್ಕೆಗಳು ಹೊಳೆಯುತ್ತವೆ. ಅವಳಿಗೆ ಅಂಥ ನಾಲ್ಕೈದು ಚುಕ್ಕೆಗಳಿದ್ದವು, ಹುಣ್ಣಾಗಿರಲಿಲ್ಲ. ಎರಡು ವಾರ ಲೆನ್ಸ್ ಬಂದ್. ನೋವು, ಬೆಳಕು ನೋಡಲಾಗದಿರುವುದು, ಮಸುಕು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಮೆಡಿಕಲ್ ಶಾಪಿನಿಂದ ಯಾವುದೋ ಹನಿ ತಂದು ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ಹೋಗುವಾಗ ಲೆನ್ಸನ್ನೂ ಡಬ್ಬಿಯನ್ನೂ ತೊಳೆಯದೆ ಹಾಗೇ ಒಯ್ಯಿರಿ. ರೋಗಾಣು ಯಾವುದೆಂದು ಲ್ಯಾಬಿನವರಿಗೆ ಅದರಿಂದಲೇ ಗೊತ್ತಾಗುವುದುಂಟು.