ಮೊದಲೇ ಇರುವ ಕಾಡುದಾರಿಗೆ ಡಾಂಬರು ಹಾಕಲು ಅಡ್ಡಿಯೇನು?

ಪ್ರಶ್ನೆ: ಕೊಡಗಿನ ಗಾಳಿಬೀಡಿನಿಂದ ಕಡಮಕಲ್ಲು ಮೂಲಕ ಸುಬ್ರಹ್ಮಣ್ಯಕ್ಕೆ ಹೊಸ ರಸ್ತೆಯನ್ನೇನೂ ಕೇಳುತ್ತಿಲ್ಲ, ಇರುವ ದಾರಿಗೆ ಡಾಂಬರು ಹಾಕಿ ಎನ್ನುತ್ತಿದ್ದೇವೆ. ಅದಕ್ಕೂ ದೆಹಲಿಯ ಒಪ್ಪಿಗೆ ಬೇಕೇ?

ಉತ್ತರ: ಬೇಕು. ಕಡಮಕಲ್ಲು ಕಾಡು ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನ ಪ್ರಕಾರ ಧಾಮದೊಳಗೆ ಪ್ರಾಣಿಗಳ ನೆಲೆ ಕೆಡಿಸುವ ಯಾವ ಕೆಲಸವನ್ನೂ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಕಡತ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ರಾಜ್ಯ ಮಂಡಳಿಯನ್ನು ದಾಟಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಗೆ ಹೋಗುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಬೇರೆಯೇ.

‘ದಾರಿ ಹಳೆಯದು’ ಎಂಬ ವಾದ ಕಾಗದದ ಮೇಲೆ ಸರಿ. ಆದರೆ ಮಣ್ಣಿನ ದಾರಿಯಲ್ಲಿ ಜೀಪು ತೆವಳುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಡಾಂಬರು ಬಿದ್ದರೆ ನಡುರಾತ್ರಿ ಮೀನಿನ ಲಾರಿಯೂ ಓಡುತ್ತದೆ. ಎದುರಿನ ವಾಹನಕ್ಕೆ ಜಾಗ ಬೇಕೆಂದು ಅಗಲವಾಗುತ್ತದೆ, ಮೇಲೆ ಒಂದಕ್ಕೊಂದು ತಾಗಿದ್ದ ಕೊಂಬೆಗಳು ದೂರವಾಗುತ್ತವೆ. ನೆಲಕ್ಕಿಳಿಯಲು ಹಿಂಜರಿಯುವ ಕೆಂದಳಿಲು, ಕಾಡುಪಾಪಗಳಿಗೆ ಅಲ್ಲಿಗೆ ಕಾಡು ಮುಗಿಯಿತು. ಗುಡ್ಡ ಕತ್ತರಿಸಿ ಕಟ್ಟಿದ ತಡೆಗೋಡೆಯನ್ನು ಆನೆಮರಿ ಹತ್ತಲಾರದು. ಮೊದಲ ಮಳೆಗೆ ರಸ್ತೆಗೆ ಬರುವ ಕಪ್ಪೆಗಳ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ.

ಹಾಗಾದರೆ ರಾತ್ರಿ ಮುಚ್ಚಿದರಾಯಿತಲ್ಲ? ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ಅದು ಒಳ್ಳೆಯದೇ. ಆದರೆ ಅಲ್ಲಿ ತಡೆದ ಲಾರಿಗಳಿಗೆ ತೋರಿಸಿದ ಬದಲಿ ಮಾರ್ಗ ನಮ್ಮದು: ಹುಣಸೂರು, ಗೋಣಿಕೊಪ್ಪಲು, ಕುಟ್ಟ. ಅದೂ ಆನೆಚೌಕೂರು, ತಿತಿಮತಿ ನಡುವೆ ಕಾಡನ್ನೇ ಹಾಯುತ್ತದೆ.

2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲದ ಬಳಿ ಹೆದ್ದಾರಿ ಕುಸಿದು ಮಂಗಳೂರಿನ ಸಂಪರ್ಕ ಕಡಿದಾಗ ನಮ್ಮೆಲ್ಲರಿಗೂ ಇನ್ನೊಂದು ದಾರಿ ಬೇಕೆನಿಸಿದ್ದು ಸಹಜ. ಆದರೆ ಕಡಮಕಲ್ಲಿನಲ್ಲೂ ಅದೇ ಮಳೆ, ಅಂಥದೇ ಇಳಿಜಾರು. ಸಂಪಾಜೆ ಘಾಟಿ ಜಾರುವ ವಾರದಲ್ಲೇ ಹೊಸದಾಗಿ ಕೊರೆದ ಗುಡ್ಡ ಗಟ್ಟಿಯಾಗಿ ನಿಂತಿರುತ್ತದೆಂದು ನಾನಂತೂ ನಂಬುವುದಿಲ್ಲ.

ಕಾಡಿನ ಬುಡಕಟ್ಟು ಜನರ ಹಾಡಿಗಳ ದಾರಿಯ ಮಾತು ಬೇರೆ. ರೋಗಿಯನ್ನು ಹೊತ್ತು ನಡೆಯುವವರಿಗೆ ರಸ್ತೆ ಬೇಕೇ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು 1980ರ ಕಾಯ್ದೆಯನ್ನು ಬದಿಗಿಟ್ಟು ಇದಕ್ಕೆ ಅವಕಾಶ ಕೊಡುತ್ತದೆ: ಗ್ರಾಮಸಭೆಯ ಶಿಫಾರಸು ಇರಬೇಕು, ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಹಾಡಿಯ ಹೆಸರು ಹೇಳಿ ಹೆದ್ದಾರಿ ಕೇಳುವವರು ಈ ಕಲಮನ್ನು ಒಮ್ಮೆ ಓದಲಿ.