ಕಾರಿನ ಗ್ಲಾಸಿಗೆ ಟಿಂಟ್ ಹಾಕ್ಸೋಕೆ ಡಾಕ್ಟರ್ ಚೀಟಿ ಸಾಕಾ?

ಬೇಸಿಗೆ ಶುರು ಆಯ್ತು ಅಂದ್ರೆ ಕಾರವಾರದ ನನ್ನ ಕಣ್ಣಿನ ಕ್ಲಿನಿಕ್ಕಿಗೆ ಒಂದು ಬೇಡಿಕೆ ಬಂದೇ ಬರ್ತದೆ. ಡಾಕ್ಟ್ರೇ, ಬಿಸಿಲಿಗೆ ಕಣ್ಣು ಬಿಡೋಕೇ ಆಗೂದಿಲ್ಲ, ಕಾರಿಗೆ ಕಪ್ಪು ಫಿಲ್ಮ್ ಹಾಕ್ಸಬೇಕು, ಪೊಲೀಸ್ರು ಹಿಡಿದ್ರೆ ತೋರ್ಸೋಕೆ ಒಂದು ಸರ್ಟಿಫಿಕೇಟ್ ಕೊಡಿ ಅಂತ. ಅಮೆರಿಕದಲ್ಲಿರೋ ಮಗನೋ ಅಳಿಯನೋ ಹೇಳಿರ್ತಾರೆ, ಅಲ್ಲಿ ಡಾಕ್ಟರ್ ಬರ್ದುಕೊಟ್ರೆ ಆಗ್ತದೆ ಅಂತ. ನಿಜಾನೇ, ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಲೂಪಸ್, ಆಲ್ಬಿನಿಸಂ ಥರದ, ಬಿಸಿಲು ತಡೆಯೋಕಾಗದ ಕಾಯಿಲೆ ಇದ್ದವ್ರಿಗೆ ಅದಕ್ಕಂತ್ಲೇ ಫಾರ್ಮ್ ಇದೆ. ನಮ್ಮಲ್ಲಿಲ್ಲ.

ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ-ಹಿಂದಿನ ಗ್ಲಾಸಿಂದ ಕಮ್ಮಿ ಅಂದ್ರೂ ಶೇ 70, ಸೈಡ್ ಗ್ಲಾಸಿಂದ ಶೇ 50 ಬೆಳಕು ದಾಟ್ಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸೋದೇ ಬೇಡ ಅಂತು, ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು, 2024ರಲ್ಲಿ ಕೇರಳ ಹೈಕೋರ್ಟ್ ಮಾನದಂಡದೊಳಗಿನ ಫಿಲ್ಮ್ ಆಗ್ತದೆ ಅಂತು, ಆದ್ರೆ ಆ 70-50ರ ಲೆಕ್ಕ ಎಲ್ಲೂ ಸಡಿಲ ಆಗ್ಲಿಲ್ಲ. ನನ್ನ ಲೆಟರ್‌ಹೆಡ್ಡಿಂದ ಅದು ಬದಲಾಗೂದಿಲ್ಲ, ಹಾಗಾಗಿ ಅಂಥ ಚೀಟಿ ನಾನು ಬರೆಯೂದಿಲ್ಲ.

ನನಗೆ ಚಿಂತೆ ಬೇರೆಯದ್ದೇ. ಬೆಳಕು ಚುಚ್ಚೋದು ಒಂದು ಲಕ್ಷಣ ಅಷ್ಟೆ, ಅದರ ಹಿಂದೆ ಒಣ ಕಣ್ಣಿರಬಹುದು, ಮೈಗ್ರೇನ್ ಇರಬಹುದು, ಕಣ್ಣೊಳಗೆ ಉರಿಯೂತ ಇರಬಹುದು. ವಯಸ್ಸಾದವ್ರಲ್ಲಿ ಹೆಚ್ಚಾಗಿ ಪೊರೆ. ಪೊರೆ ಬಂದ ಲೆನ್ಸಿನಲ್ಲಿ ಬೆಳಕು ಚದುರ್ತದೆ, ಎದುರಿನ ಲಾರಿ ಹೆಡ್‌ಲೈಟ್ ಸುತ್ತ ಬಳೆ ಕಾಣ್ತದೆ, ಬಿಣಗಾ ಸುರಂಗದಿಂದ ಹೊರಗೆ ಬಿದ್ದ ಕೂಡ್ಲೇ ಎಲ್ಲಾ ಬೆಳ್ಳಗೆ ಆಗಿ ಮುಂದಿನ ಬೈಕೇ ಕಾಣೂದಿಲ್ಲ. ಇಂಥವ್ರು ಫಿಲ್ಮ್ ಹಾಕ್ಸಿ ಮಳೆಗಾಲದ ರಾತ್ರಿ ದೇವಿಮನೆ ಘಾಟಿ ಇಳಿದ್ರೆ ಇದ್ದ ಚೂರು ಬೆಳಕನ್ನೂ ಕಳ್ಕೊಂಡ ಹಾಗೆ. ಅವ್ರಿಗೆ ಬೇಕಾದ್ದು ಆಪರೇಷನ್.

ಹಗಲಿನ ಡ್ರೈವಿಂಗಿಗೆ ನಾನು ಹೇಳೋದು ಪೋಲರೈಸ್ಡ್ ಕನ್ನಡಕ. ಸಂಜೆ ಕಾರವಾರದಿಂದ ಅಂಕೋಲಾ ಕಡೆ ಹೊರಟ್ರೆ ಬಿಸಿಲು ಸೀದಾ ಡ್ರೈವರ್ ಬದಿಗೇ ಹೊಡಿತದೆ, ಸಮುದ್ರದ್ದೂ ಒದ್ದೆ ರಸ್ತೆದ್ದೂ ಝಳ ಈ ಲೆನ್ಸ್ ಚೆನ್ನಾಗಿ ತಡಿತದೆ. ಬಿಸಿಲಿಗೆ ತಾನೇ ಕಪ್ಪಾಗೋ ಲೆನ್ಸಿಗೆ ದುಡ್ಡು ಹಾಕೋಕೆ ಮುಂಚೆ ಕೇಳಿ, ಕಾರಿನ ಮುಂದಿನ ಗ್ಲಾಸು ಯುವಿ ಕಿರಣ ತಡೆಯೋದ್ರಿಂದ ಒಳಗೆ ಕೂತಾಗ ಅದು ಸರಿಯಾಗಿ ಕಪ್ಪಾಗೂದೇ ಇಲ್ಲ. ತೀರಾ ದಟ್ಟ, ಕೆಟಗರಿ 4 ಅಂತ ಬರ್ದಿರೋದು ಡ್ರೈವಿಂಗಿಗೆ ಅಲ್ಲ. ಮನೆಯೊಳಗೂ ಕಪ್ಪು ಕನ್ನಡಕ ಹಾಕ್ಕೊಂಡು ಕೂರಬೇಡಿ, ಕಣ್ಣು ಕತ್ತಲೆಗೆ ಒಗ್ಗಿ ಬೆಳಕು ಇನ್ನೂ ಜಾಸ್ತಿ ಚುಚ್ತದೆ.

ರಿಪೋರ್ಟ್ ಬೇಕು ಅಂದ್ರೆ ಧಾರಾಳ ಕೊಡ್ತೇನೆ, ಕಾಯಿಲೆ ಏನು, ಔಷಧ ಏನು, ಆಫೀಸಲ್ಲಿ ಕಿಟಕಿ ಎದುರು ಕೂರಿಸಬೇಡಿ ಅಂತೆಲ್ಲ ಬರೀಬಹುದು. ಆದ್ರೆ ಒಂದೇ ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ತಡ್ಕೊಳ್ಳೋಕೆ ಆಗ್ದೇ ಇದ್ರೆ ಯಾವ ಕಾಗದದ ಯೋಚನೆನೂ ಬೇಡ, ಮೆಡಿಕಲ್ ಶಾಪಿಂದ ಸ್ಟಿರಾಯ್ಡ್ ಡ್ರಾಪ್ಸ್ ತಂದು ಹಾಕೋದೂ ಬೇಡ, ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ.