ಟ್ಯಾಂಕ್ ಖಾಲಿಯಾಯಿತು, ನೆಲಕ್ಕಿಳಿದ ಎಣ್ಣೆ ಎಲ್ಲಿದೆ?

ಹವಾಯಿಯ ರೆಡ್ ಹಿಲ್‌ನ ಇಂಧನ ಟ್ಯಾಂಕ್‌ಗಳ ಬಗ್ಗೆ ಬರುವ ಸುದ್ದಿಗಳನ್ನು ಓದಿದರೆ ತಲೆ ಗೋಜಲಾಗುತ್ತದೆ. ಸೋರಿಕೆ ಯಾವಾಗ ಆಯಿತು, 2014ರಲ್ಲೋ 2021ರಲ್ಲೋ? ಟ್ಯಾಂಕ್ ಮುಚ್ಚಿದ ಮೇಲೂ ತನಿಖೆ ಯಾಕೆ? ಇದು ತಿಳಿಯಬೇಕಾದರೆ ಮೊದಲಿನಿಂದ ನೋಡಬೇಕು.

ರೆಡ್ ಹಿಲ್ ಒವಾಹು ದ್ವೀಪದ ಒಂದು ಗುಡ್ಡ, ಪರ್ಲ್ ಹಾರ್ಬರ್ ಬಂದರಿಗೆ ಹತ್ತಿರ. ವೈಮಾನಿಕ ದಾಳಿಗೆ ಸಿಗದ ಹಾಗೆ ಇಂಧನ ಇಡಲು ಅಮೆರಿಕದ ನೌಕಾಪಡೆ 1940ರ ಕೊನೆಯಲ್ಲಿ ಇಲ್ಲಿ ಅಗೆತ ಶುರು ಮಾಡಿತು. 1943ರ ಹೊತ್ತಿಗೆ ಗುಡ್ಡದ ಹೊಟ್ಟೆಯಲ್ಲಿ 20 ಟ್ಯಾಂಕ್‌ಗಳು ಸಿದ್ಧವಾದವು. ಒಂದೊಂದೂ 250 ಅಡಿ ಎತ್ತರ, 100 ಅಡಿ ಅಗಲ. ಒಂದಕ್ಕೆ ಸುಮಾರು 4.7 ಕೋಟಿ ಲೀಟರ್ ಹಿಡಿಯುತ್ತದೆ. ಟ್ಯಾಂಕ್‌ಗಳ ತಳದಿಂದ ಸುಮಾರು 100 ಅಡಿ ಕೆಳಗೆ ಹೊನೊಲುಲು ನಗರದ ಜನ ಕುಡಿಯುವ ಅಂತರ್ಜಲ. ಯುದ್ಧ ಮುಗಿದರೂ ಟ್ಯಾಂಕ್‌ಗಳು ಅಲ್ಲೇ ಉಳಿದವು, ದಶಕಗಟ್ಟಲೆ ತುಂಬಿಕೊಂಡೇ ಇದ್ದವು.

ನೆಲದಡಿಯ ಟ್ಯಾಂಕ್‌ಗಳಿಗೆ ಅಮೆರಿಕದಲ್ಲಿ ಕಾನೂನು ಬಂದದ್ದು 1984ರಲ್ಲಿ, ವಿವರವಾದ ನಿಯಮ ಬಂದದ್ದು 1988ರಲ್ಲಿ. ಸಾಧಾರಣ ಪೆಟ್ರೋಲ್ ಬಂಕ್ ಕೂಡ ಸೋರಿಕೆ ಪತ್ತೆ ಮಾಡುವ ವ್ಯವಸ್ಥೆ ಇಟ್ಟುಕೊಳ್ಳಬೇಕಾಯಿತು. ಆದರೆ ರೆಡ್ ಹಿಲ್‌ನಂತೆ ಜಾಗದಲ್ಲೇ ಕಟ್ಟಿದ ದೈತ್ಯ ಟ್ಯಾಂಕ್‌ಗಳಿಗೆ ಅದನ್ನು ಮುಂದಕ್ಕೆ ಹಾಕಲಾಯಿತು. ಅವು ನಿಯಮದೊಳಗೆ ಬಂದದ್ದು 2015ರಲ್ಲಿ. ಚಿಕ್ಕ ಟ್ಯಾಂಕಿಗೆ ಕಾವಲು ಮೊದಲು ಬಂತು, ದೊಡ್ಡದಕ್ಕೆ 27 ವರ್ಷ ಬಿಟ್ಟು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಬೇಸರ ತರುವುದು ಇದೇ.

ಇಷ್ಟು ಅಗಲದ ಟ್ಯಾಂಕಿನಲ್ಲಿ ಎಣ್ಣೆ ಒಂದೇ ಒಂದು ಮಿಲಿಮೀಟರ್ ಇಳಿದರೂ 700 ಲೀಟರಿಗಿಂತ ಹೆಚ್ಚು ಹೋದಂತೆ. ಒಳಗೋಡೆ ಕಾಲು ಇಂಚಿನ ಉಕ್ಕಿನ ತಗಡು, ಅದರ ಹಿಂದೆ ಕಾಂಕ್ರೀಟ್, ಆಮೇಲೆ ಬಂಡೆ. ತಗಡಿನ ಹಿಂಬದಿ ತುಕ್ಕು ಹಿಡಿದಿದೆಯೇ ಎಂದು ಯಾರೂ ಹೋಗಿ ನೋಡುವಂತಿಲ್ಲ.

2014ರ ಜನವರಿಯಲ್ಲಿ 5ನೇ ಟ್ಯಾಂಕ್ ಸೋರಿತು. ಅದು ಆಗಷ್ಟೇ ರಿಪೇರಿ ಮುಗಿದು ಮತ್ತೆ ತುಂಬುತ್ತಿದ್ದ ಟ್ಯಾಂಕ್. ವೆಲ್ಡಿಂಗ್ ಸರಿಯಾಗಿರಲಿಲ್ಲ. ಸುಮಾರು 1 ಲಕ್ಷ ಲೀಟರ್ ವಿಮಾನ ಇಂಧನ ಬಂಡೆಗೆ ಇಳಿಯಿತು. ನಿಜವಾದ ತನಿಖೆ ಶುರುವಾದದ್ದು ಆಗ.

ಈ ಬಂಡೆ ಲಾವಾ ತಣ್ಣಗಾಗಿ ಆದ ಕಪ್ಪು ಕಲ್ಲು. ನಮ್ಮ ವಿಜಯಪುರ, ಬೀದರ್ ಕಡೆಯದೂ ಲಾವಾ ಕಲ್ಲೇ, ವಯಸ್ಸು ಮಾತ್ರ ಬಹಳ ಹೆಚ್ಚು. ಅಲ್ಲಿ ಬೋರ್ ಹಾಕಿಸಿದವರನ್ನು ಕೇಳಿ. ಒಂದು ಬೋರಿನಲ್ಲಿ ನೀರು ಉಕ್ಕುತ್ತದೆ, ಪಕ್ಕದ ಹೊಲದಲ್ಲಿ ಬರೀ ಧೂಳು. ಕಲ್ಲಿನೊಳಗೆ ಏನೇ ಹರಿದರೂ ಬಿರುಕು ಹಿಡಿದೇ ಹರಿಯುತ್ತದೆ. ರೆಡ್ ಹಿಲ್‌ನಲ್ಲಿ ಎಣ್ಣೆಯೂ ಹಾಗೇ. ಪರೀಕ್ಷಾ ಬಾವಿಯ ನೀರಿನಲ್ಲಿ ಎಣ್ಣೆಯ ಅಂಶ ಸಿಗದಿದ್ದರೆ ಆ ಬಾವಿಗೆ ಎಣ್ಣೆ ಬಂದಿಲ್ಲ ಎಂದಷ್ಟೇ ಹೇಳಬಹುದು. ಸುತ್ತಲಿನ ನೆಲವೆಲ್ಲ ಶುದ್ಧ ಎನ್ನಲಾಗದು, ಅಲ್ವಾ?

ಜಗಳ ಹುಟ್ಟಿದ್ದೂ ಇಲ್ಲೇ. ಗುಡ್ಡದಡಿಯ ನೀರು ಯಾವ ಕಡೆಗೆ ಹರಿಯುತ್ತದೆ? ಬಂದರಿನ ಕಡೆಗೆ ಎಂದು ನೌಕಾಪಡೆಯ ಅಂತರ್ಜಲ ಹರಿವಿನ ಗಣಿತ ಮಾದರಿ ಹೇಳಿತು. ಪಕ್ಕದ ಹಾಲಾವಾ ಕಣಿವೆಯ ಬಾವಿಗಳ ಕಡೆಗೂ ಹೋಗಬಹುದು ಎಂದು ಹೊನೊಲುಲು ಜಲಮಂಡಳಿ ಎಚ್ಚರಿಸುತ್ತಲೇ ಬಂತು. ನೌಕಾಪಡೆಗಾಗಿ 2018ರಲ್ಲಿ ಮಾಡಿದ ಒಂದು ಅಂದಾಜಿನ ಪ್ರಕಾರ, ಯಾವುದೇ ವರ್ಷದಲ್ಲಿ 1,000ದಿಂದ 30,000 ಗ್ಯಾಲನ್ (ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್) ಸೋರುವ ಸಾಧ್ಯತೆ ಶೇ. 27.6. ಅಂದರೆ ನಾಲ್ಕು ವರ್ಷಕ್ಕೊಮ್ಮೆ ಸೋರಬಹುದು ಎಂದ ಹಾಗೆ. ಈ ಲೆಕ್ಕ ಕೈಯಲ್ಲಿ ಇದ್ದಾಗಲೂ ಟ್ಯಾಂಕ್‌ಗಳು ತುಂಬಿಯೇ ಇದ್ದವು.

2021ರಲ್ಲಿ ಆದದ್ದು ಬೇರೆಯೇ ಘಟನೆ. ಮೇ 6ರಂದು ಪೈಪ್ ಒಡೆದು ಸುಮಾರು 75,000 ಲೀಟರ್ ಇಂಧನ ಬೆಂಕಿ ನಂದಿಸುವ ವ್ಯವಸ್ಥೆಯ ಡ್ರೈನ್ ಪೈಪಿಗೆ ಸೇರಿಕೊಂಡಿತು. ಅದು ಅಲ್ಲಿದೆ ಎಂಬುದು ಆರು ತಿಂಗಳು ಗೊತ್ತೇ ಆಗಲಿಲ್ಲ. ನವೆಂಬರ್ 20ರಂದು ಸುರಂಗದಲ್ಲಿ ಒಂದು ಗಾಡಿ ಆ ಪೈಪಿನ ವಾಲ್ವ್‌ಗೆ ತಾಗಿತು, ಇಂಧನ ಹೊರಗೆ ಸುರಿದು ನೌಕಾಪಡೆಯ ಕುಡಿಯುವ ನೀರಿನ ಬಾವಿ ಸೇರಿತು. ಒಂದೇ ವಾರದಲ್ಲಿ ಮನೆಮನೆಯ ನಲ್ಲಿಯಲ್ಲಿ ಎಣ್ಣೆ ವಾಸನೆ. ನೌಕಾಪಡೆಯ ಆ ಕೊಳವೆಜಾಲದಿಂದ ನೀರು ಪಡೆಯುತ್ತಿದ್ದವರು ಸುಮಾರು 93,000 ಜನ. ಸಾವಿರಾರು ಜನ ಮನೆ ಬಿಟ್ಟು ಹೋಟೆಲ್ ಸೇರಿದರು. ಮಕ್ಕಳನ್ನು ಅದೇ ನೀರಿನಲ್ಲಿ ಸ್ನಾನ ಮಾಡಿಸಿದ ತಾಯಂದಿರ ಸಂಕಟ ನೆನೆದರೆ ಎದೆ ಹಿಂಡುತ್ತದೆ. ಡಿಸೆಂಬರ್ ಆರಂಭದಲ್ಲಿ ಜಲಮಂಡಳಿ ಮುಂಜಾಗ್ರತೆಯಾಗಿ ತನ್ನ ಹಾಲಾವಾ ಬಾವಿಯನ್ನೂ ನಿಲ್ಲಿಸಿತು.

2022ರ ಮಾರ್ಚ್ 7ರಂದು ಟ್ಯಾಂಕ್‌ಗಳನ್ನು ಕಾಯಂ ಮುಚ್ಚುವ ತೀರ್ಮಾನ ಹೊರಬಿತ್ತು. 2023ರ ಅಕ್ಟೋಬರ್‌ನಿಂದ ಕೆಲವೇ ತಿಂಗಳಲ್ಲಿ 39 ಕೋಟಿ ಲೀಟರ್‌ನಷ್ಟು ಇಂಧನವನ್ನು ಹೊರಗೆ ಸಾಗಿಸಲಾಯಿತು.

ಟ್ಯಾಂಕಿನಲ್ಲಿದ್ದ ಎಣ್ಣೆಯನ್ನು ಹಡಗಿಗೆ ತುಂಬಿಸಿ ಕಳಿಸಬಹುದು. ಬಂಡೆಯ ಬಿರುಕಿಗೆ ಇಳಿದದ್ದನ್ನು ಹುಡುಕಲು ಮತ್ತೆ ಮತ್ತೆ ಹೊಸ ಬಾವಿ ಕೊರೆಯಬೇಕು, ನೀರಿನ ಮಾದರಿ ತೆಗೆಯಬೇಕು, ಕಲ್ಲಿನ ಸಂದಿಯ ಆವಿಯನ್ನು ಅಳೆಯಬೇಕು. ಇಂಧನದ ಅಂಶ ಒಂದು ತಿಂಗಳು ಕಾಣದೆ, ಮಳೆಯಾಗಿ ನೀರಿನ ಮಟ್ಟ ಏರಿದಾಗ ಮತ್ತೆ ಕಾಣಬಹುದು. ಹಾಗಾಗಿ ಒಂದೆರಡು ಒಳ್ಳೆಯ ವರದಿ ಬಂದ ಕೂಡಲೇ ಬಾವಿಗಳ ಪರೀಕ್ಷೆ ನಿಲ್ಲಿಸುವಂತಿಲ್ಲ.